ಈರುಳ್ಳಿ ಮೊಗ್ಗಿನೊಳಗೆ

ಹೊಳೆ ದಂಡೆಯ ಆಶ್ರಮ. ಗುರು ಪಶುಪತಯ್ಯನವರು ಕಾವಿ ಉಡುವ ಮೊದಲು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಎಲ್ಲ ಬಿಟ್ಟು ಬಂದರೂ ಪುಣ್ಯಾತ್ಮ ಸೂಕ್ಷ್ಮದರ್ಶಕ ಮಾತ್ರ ಬಿಡಲಿಲ್ಲ.

ನಾಳೆ ಶಿಷ್ಯ ತೀರ್ಥೇಶನಿಗೆ ಸನ್ಯಾಸ ದೀಕ್ಷೆ. ಇವತ್ತು ಬೆಳಗಿನ ಬಸ್ಸಿಗೆ ಅವನ ಅಪ್ಪ ಬಂದು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಾರೆ.

“ನಾನು ನೋಡಲ್ಲ ಗುರುಗಳೇ,” ಅಂದ ತೀರ್ಥೇಶ. “ಅಮ್ಮ ಸತ್ತಾಗಲೂ ಬರದಿದ್ದ ಮನುಷ್ಯ. ಸಿಟ್ಟು ಇನ್ನೂ ಆರಿಲ್ಲ. ದೀಕ್ಷೆ ಆದಮೇಲೆ ಅಪ್ಪನೂ ಇಲ್ಲ, ಮಗನೂ ಇಲ್ಲ. ಅಲ್ಲಿಗೆ ಮುಗೀತು.”

ಗುರುಗಳು ಸ್ಪಿರಿಟ್ಟಿನಲ್ಲಿ ನೆನೆಹಾಕಿದ್ದ ಈರುಳ್ಳಿ ಹೂಮೊಗ್ಗುಗಳ ಬಟ್ಟಲನ್ನು ಮುಂದಿಟ್ಟರು.

“ಒಂದು ಆರಿಸು.”

ತೀರ್ಥೇಶನಿಗೆ ಈ ಕೆಲಸ ಹೊಸದಲ್ಲ. ಮೊಗ್ಗು ಬಿಡಿಸಿದ. ಪರಾಗದ ಚೀಲ ತೆಗೆದು, ಕೆಂಪು ಬಣ್ಣ ಹನಿಸಿ, ಗಾಜು ಮುಚ್ಚಿ ಹೆಬ್ಬೆರಳಿನಿಂದ ಒತ್ತಿದ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ.

“ವರ್ಣತಂತುಗಳು ಎರಡು ಪಾಲಾಗಿ ಆ ಕಡೆ ಈ ಕಡೆ ಹೊರಟಿವೆ! ನೋಡಿ, ಅವೂ ಬಿಟ್ಟು ಹೋಗ್ತವೆ. ನಾನು ಹೇಳಿದ್ದೂ ಅದನ್ನೇ ಅಲ್ವಾ?”

“ಏನು ಅವಸರವೋ ನಿಂದು! ಅದು ಕೊನೆಯ ಹಂತ. ಇನ್ನೂ ಚಿಕ್ಕ ಮೊಗ್ಗು ತಗೋ.”

ಚಿಕ್ಕದನ್ನು ತಗೊಂಡ. ಮತ್ತೆ ಒತ್ತಿದ, ನೋಡಿದ.

“ಇದರಲ್ಲಿ ಎರಡೆರಡು ತಂತು ಉದ್ದಕ್ಕೂ ಅಂಟಿಕೊಂಡಿವೆ.”

“ಒಂದು ತಾಯಿ ಕಡೆಯದು, ಒಂದು ತಂದೆ ಕಡೆಯದು. ಒಂದೇ ಕೋಶದಲ್ಲಿದ್ದೂ ಇಷ್ಟು ದಿನ ಇದರ ಪಾಡಿಗೆ ಇದು, ಅದರ ಪಾಡಿಗೆ ಅದು. ಈಗ ಹುಡುಕಿಕೊಂಡು ಬಂದು ಪಕ್ಕದಲ್ಲಿ ಮಲಗಿವೆ. ಇದರ ತುಂಡು ಅದಕ್ಕೆ, ಅದರ ತುಂಡು ಇದಕ್ಕೆ. ಆಮೇಲೆ ಜೋಡಿಯಾಗಿಯೇ ಕೋಶದ ನಡುವೆ ಸಾಲು ನಿಲ್ತವೆ.”

“ಹೇಗೂ ಬೇರೆಯಾಗೋದಕ್ಕೆ ಇಷ್ಟೆಲ್ಲ ಯಾಕೆ?”

ಗುರುಗಳು ಪೆಟ್ಟಿಗೆಯಿಂದ ಹಳೆಯ ಗಾಜೊಂದನ್ನು ತೆಗೆದರು. “ಎರಡು ಬೇರೆ ಜಾತಿಯ ಗಿಡ ಕೂಡಿಸಿ ಬೆಳೆಸಿದ್ದರ ಮೊಗ್ಗು ಇದು. ಇಲ್ಲಿ ತಂತುಗಳಿಗೆ ಜೋಡಿ ಸಿಕ್ಕಿಲ್ಲ.”

ತೀರ್ಥೇಶ ಬಹಳ ಹೊತ್ತು ನೋಡಿದ.

“ಸಾಲಿಗೇ ಬಂದಿಲ್ಲ. ಒಂದು ಮೂಲೆಯಲ್ಲಿದೆ, ಇನ್ನೊಂದು ದಾರಿ ಮಧ್ಯೆ ಉಳಿದುಬಿಟ್ಟಿದೆ.”

“ಕೂಡದೇ ಇದ್ದದ್ದಕ್ಕೆ ಬಿಡೋಕೂ ಬರಲ್ಲ ಕಣಪ್ಪ. ಯಾವ ಕಡೆ ಹೋಗಬೇಕು ಅಂತಲೇ ತಿಳಿಯಲ್ಲ. ಈ ಗಿಡದ ಪರಾಗ ಬರೀ ಜೊಳ್ಳು.”

ತೀರ್ಥೇಶ ಕೈ ಒರೆಸಿಕೊಂಡು ಕಿಟಕಿಯಾಚೆ ನೋಡಿದ. ಅಪ್ಪ ಚೀಲವನ್ನು ತೊಡೆ ಮೇಲಿಟ್ಟುಕೊಂಡು ಹಾಗೇ ಕೂತಿದ್ದರು.

“ಹೋಗಿ ಏನು ಮಾತಾಡಲಿ?”

“ಬೈಯೋದಿದ್ದರೆ ಬೈ. ಅವರದ್ದೂ ಕೇಳಿಸ್ಕೋ.”

ತೀರ್ಥೇಶ ಎದ್ದ. ಹೊಸ್ತಿಲ ಹತ್ತಿರ ಹೋಗಿ ನಿಂತುಬಿಟ್ಟ.

“ಮನಸ್ಸು ಕರಗಿ ಅವರ ಹಿಂದೆ ಮನೆಗೇ ಹೋಗಿಬಿಟ್ಟರೆ? ನನಗೆ ಅದೇ ಭಯ ಗುರುಗಳೇ.”

ಗುರುಗಳು ಗಾಜು ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಹೋದರೆ ಹೋದೆ. ಕಾವಿ ಉಟ್ಟುಕೊಂಡು ಅಪ್ಪನ್ನ ಹೊತ್ತು ತಿರುಗೋದಾದರೂ ತಪ್ಪುತ್ತಲ್ಲ.”