ನೂರ ಹನ್ನೊಂದನೆಯ ಗರಿ

ಹೊಳೆಯ ಆಚೆ ದಡದಲ್ಲಿ ನೇಮಣ್ಣ ಪಂಡಿತರ ವೈದ್ಯಶಾಲೆ ಇತ್ತು. ಅಲ್ಲಿಗೆ ಹೋಗಲು, ಅಲ್ಲಿಂದ ಬರಲು, ದೋಣಿಯೊಂದೇ ದಾರಿ.

ಆ ಶಾಲೆಯಲ್ಲಿ ಯಾರನ್ನೂ ಬೈದು ಓಡಿಸುತ್ತಿರಲಿಲ್ಲ. ಪರೀಕ್ಷೆಯಲ್ಲಿ ಸೋತವನಿಗೆ ಅಡುಗೆಯ ನೀಲವ್ವ ಒಂದು ಬುತ್ತಿ ಕಟ್ಟಿಕೊಡುವಳು. ಅವನು ಅದನ್ನು ಹಿಡಿದು ದೋಣಿ ಹತ್ತಬೇಕು. ಮತ್ತೆ ಬರುವಂತಿಲ್ಲ.

ಹಾಗಾಗಿ ಅಲ್ಲಿಯ ಶಿಷ್ಯರು ಹುಲಿಗೆ ಹೆದರುತ್ತಿರಲಿಲ್ಲ, ಹಾವಿಗೆ ಹೆದರುತ್ತಿರಲಿಲ್ಲ. ಮೊಸರನ್ನದ ಗಂಟಿಗೆ ಹೆದರುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವನು ಪದುಮ.

ಪದುಮನ ಕಣ್ಣು ಹೋಗುತ್ತಿತ್ತು. ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಓಲೆಗರಿಯ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡವು. ಆಮೇಲೆ ಅಕ್ಷರಗಳಿದ್ದ ಕಡೆ ಹೊಗೆ ಕವಿಯಿತು. ಈಗ ಬೆಳಕು ಕಾಣುತ್ತದೆ, ಆಕಾರ ಕಾಣುತ್ತದೆ. ಎದುರಿಗಿದ್ದವರ ಮುಖ ಕಾಣುವುದಿಲ್ಲ.

ಹೀಗೆ ಆಗಿ ಎರಡು ವರ್ಷವಾಗಿತ್ತು. ಅವನು ಯಾರಿಗೂ ಹೇಳಿರಲಿಲ್ಲ.

ಹೇಳದಿರಲು ಕಾರಣವಿತ್ತು. ಅವನು ಶಾಲೆಗೆ ಬಂದ ಮೊದಲ ವರ್ಷ ಬೀರನೆಂಬ ಹಿರಿಯ ಶಿಷ್ಯ ಅವನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ. ಬೀರನ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿತ್ತು. ಕೊನೆಯ ಪರೀಕ್ಷೆಯ ದಿನ ಗುರುಗಳು ಪ್ರಶ್ನೆ ಕೇಳಿದರು. ಬೀರ ಅವರನ್ನೇ ನೋಡುತ್ತ ನಕ್ಕ. ಗುರುಗಳು ದನಿ ಏರಿಸಿ ಮತ್ತೆ ಕೇಳಿದರು. ಇನ್ನೂ ಏರಿಸಿ ಮೂರನೆಯ ಸಲ ಕೇಳಿದರು. ಬೀರ ಮೂರು ಸಲವೂ ನಕ್ಕ.

ಮಧ್ಯಾಹ್ನ ಅವನ ಕೈಗೆ ಬುತ್ತಿ ಬಂತು. ದೋಣಿ ಹೊರಟಾಗಲೂ ಅವನು ದಡದವರನ್ನು ನೋಡಿ ನಗುತ್ತಲೇ ಇದ್ದ. ಏನಾಯಿತೆಂದು ಯಾರೂ ಅವನಿಗೆ ತಿಳಿಯುವ ಹಾಗೆ ಹೇಳಿರಲಿಲ್ಲ.

ಪದುಮನಿಗೆ ಆಗ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಆ ನಗುವನ್ನು ಪೂರ್ತಿ ನೋಡಿದ್ದ.

ಅದಕ್ಕೇ ಅವನು ಎಣಿಸತೊಡಗಿದ. ಚಾಪೆಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ಬಾಗಿಲಿನಿಂದ ಅಂಗಳದ ಒರಳಿಗೆ ಇಪ್ಪತ್ತೆರಡು. ಒರಳಿನಿಂದ ಬಲಕ್ಕೆ ಹೊರಳಿದರೆ ಹೊಳೆಯ ಮೆಟ್ಟಿಲಿಗೆ ನಲವತ್ತು. ಮೆಟ್ಟಿಲು ಹದಿನೇಳು, ಆರನೆಯದು ಮುರಿದಿದೆ.

ಬೇರನ್ನೂ ತೊಗಟೆಯನ್ನೂ ಮೂಸಿ ಹೆಸರು ಹೇಳಿದ. ಜನರನ್ನು ಹೆಜ್ಜೆಯಿಂದ ಗುರುತಿಸಿದ. ಉಪಾಧ್ಯಾಯ ಕಂತಯ್ಯನವರ ಮರದ ಹಾವುಗೆ ದೂರದಿಂದಲೇ ಟಕಟಕ ಎನ್ನುತ್ತದೆ. ಗುರುಗಳು ಬರಿಗಾಲಲ್ಲಿ ನಡೆಯುತ್ತಾರೆ, ಸಪ್ಪಳವಿಲ್ಲ. ಅವರು ಎಲ್ಲಿದ್ದಾರೆಂದು ಅವನಿಗೆ ಎಂದೂ ತಿಳಿಯುತ್ತಿರಲಿಲ್ಲ. ಎಲ್ಲ ಕಡೆಯೂ ಇದ್ದಾರೆಂದೇ ಅವನು ನಡೆದುಕೊಂಡ.

ಉಳಿದದ್ದು ಓದು. ಗ್ರಂಥದಲ್ಲಿ ಇನ್ನೂರ ಎಂಟು ಗರಿ. ಅದರ ಒಂದು ಪ್ರತಿ ಚಾಮನ ಬಳಿ ಇತ್ತು. ಚಾಮ ಅವನ ಜೊತೆಯವನು, ಕೆಲಸಗಳ್ಳ, ಮಾತುಗಾರ.

"ಲೋ ಚಾಮ, ನಿನ್ನ ಪಾಲಿನ ಬೇರನ್ನೆಲ್ಲ ನಾನೇ ಕುಟ್ಟುತ್ತೇನೆ. ನೀನು ಕೂತು ಗಟ್ಟಿಯಾಗಿ ಓದು, ಸಾಕು."

"ಯಾಕೋ? ನಿನ್ನ ಕಣ್ಣಿಗೇನು ಹುಣಿಸೆಹಣ್ಣು ಮೆತ್ತಿದೆಯಾ?"

ಪದುಮನ ಕೈಯ ಒನಕೆ ಗಾಳಿಯಲ್ಲೇ ನಿಂತಿತು.

"ಸೋಮಾರಿ ಕಣೋ ನೀನು," ಎಂದು ಚಾಮ ನಕ್ಕ. "ಕುಟ್ಟು, ಕುಟ್ಟು. ನನ್ನ ಗಂಟೇನು ಹೋಗುತ್ತದೆ?"

ಎರಡು ವರ್ಷ ಚಾಮ ಓದಿದ, ಪದುಮ ಕುಟ್ಟಿದ. ಕೊನೆಗೆ ಯಾವ ಗರಿಯ ಸಂಖ್ಯೆ ಹೇಳಿದರೂ ಸರಿ, ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಅವನ ಬಾಯಿಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಯಾರೋ ಒರಳನ್ನು ನೆರಳಿಗೆ ಉರುಳಿಸಿದ್ದರು. ಇಪ್ಪತ್ತನೆಯ ಹೆಜ್ಜೆಗೆ ಪದುಮ ಅದಕ್ಕೆ ಎಡವಿ ಮುಗ್ಗರಿಸಿದ. ಮೊಣಕಾಲು ಒಡೆದು ರಕ್ತ ಬಂತು.

"ಪೆಟ್ಟಾಯಿತೆ?"

ಗುರುಗಳ ದನಿ. ತೀರ ಹತ್ತಿರದಲ್ಲಿ.

"ಇಲ್ಲ ಗುರುಗಳೇ. ಆಕಾಶ ನೋಡಿಕೊಂಡು ಬರುತ್ತಿದ್ದೆ."

"ಆಕಾಶದಲ್ಲಿ ಏನಿತ್ತು?"

ಪದುಮ ತಲೆ ಎತ್ತಿದ. ಬರೀ ಬಿಳುಪು.

"ಹದ್ದು," ಎಂದ.

ಗುರುಗಳು "ಹೂಂ" ಎಂದರು. ಹೊರಟುಹೋದರೋ, ಅಲ್ಲೇ ನಿಂತು ನೋಡುತ್ತಿದ್ದಾರೋ ಪದುಮನಿಗೆ ತಿಳಿಯಲಿಲ್ಲ. ನೊಣ ಬಂದು ಗಾಯದ ಮೇಲೆ ಕೂತಿತು. ಅದನ್ನು ಓಡಿಸಲೂ ಅವನು ಕೈ ಎತ್ತಲಿಲ್ಲ.

ಪರೀಕ್ಷೆಯ ದಿನ ಬಂತು.

ಆ ಶಾಲೆಯದು ಕಂಟದ ಪರೀಕ್ಷೆ. ಕಂಟವೆಂದರೆ ಗರಿಯ ಮೇಲೆ ಅಕ್ಷರ ಕೊರೆಯುವ ಕಬ್ಬಿಣದ ಕಡ್ಡಿ. ಗುರುಗಳು ಕಣ್ಣು ಮುಚ್ಚಿ ಅದನ್ನು ಮೂಲಗ್ರಂಥದ ಕಟ್ಟಿನೊಳಗೆ ತೂರಿಸುತ್ತಾರೆ. ಅದು ಹೊಕ್ಕ ಜಾಗದ ಗರಿಯನ್ನು ಬಿಡಿಸಿ, ಅಂಚಿನ ಸಂಖ್ಯೆಯನ್ನಷ್ಟೇ ನೋಡಿ ಕೂಗಿ, ಶಿಷ್ಯನ ಕೈಗೆ ಕೊಡುತ್ತಾರೆ. ಅವನು ಅದನ್ನು ಓದಬೇಕು, ಅರ್ಥ ಹೇಳಬೇಕು.

ಸಂಖ್ಯೆ ಕೂಗುತ್ತಾರೆ. ಪದುಮ ಬದುಕಿದ್ದು ಆ ಒಂದು ಪದ್ಧತಿಯ ಮೇಲೆ.

ಮೊದಲು ಚಾಮನ ಸರದಿ. ಚಾಮ ಸರಾಗವಾಗಿ ಓದಿ, ನಡುವೆ ನಿಂತ.

"ಗುರುಗಳೇ, ಇಲ್ಲಿ ಹುಳು ತಿಂದು ತೂತಾಗಿದೆ."

"ಬಿಟ್ಟು ಮುಂದೆ ಓದು," ಎಂದರು ಕಂತಯ್ಯ.

ಪದುಮ ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಚಾಮನ ಪ್ರತಿಯಲ್ಲಿ ತೂತಿರಲಿಲ್ಲ. ಮೂಲದಲ್ಲಿದೆ. ಎಷ್ಟು ಗರಿಗಳಲ್ಲಿದೆ? ಎಲ್ಲೆಲ್ಲಿದೆ? ತಿಂದುಹೋದ ಮಾತನ್ನು ತಾನು ಓದಿಬಿಟ್ಟರೆ?

ಬೆರಳಿದೆ, ಎಂದುಕೊಂಡ. ಬೆರಳಲ್ಲಿ ತಡವಿ ನೋಡುತ್ತೇನೆ.

"ಪದುಮ, ಬಾ."

ಏಳು ಹೆಜ್ಜೆ. ಕೂತ. ಕಂಟ ಗರಿಗಳ ನಡುವೆ ಸರಕ್ಕನೆ ಹೋದ ಸದ್ದು ಕೇಳಿತು.

"ನೂರ ಹನ್ನೊಂದು."

ಗರಿ ಕೈಗೆ ಬಂತು. ಪದುಮ ಹೆಬ್ಬೆರಳನ್ನು ಆ ತುದಿಯಿಂದ ಈ ತುದಿಗೆ ಎಳೆದ. ಬೆರಳು ಬೆವೆತಿತ್ತು. ದಾರ ಪೋಣಿಸುವ ನಡುವಿನ ತೂತು ಬಿಟ್ಟರೆ ಬೇರೆ ತೂತಿಲ್ಲ. ಗರಿ ನುಣುಪಾಗಿತ್ತು. ಅಬ್ಬ, ಹುಳು ಮುಟ್ಟಿಲ್ಲ. ಹೋದ ಜೀವ ಬಂತು.

ಗರಿಯನ್ನು ಮುಖದ ಮುಂದೆ ಹಿಡಿದು, ಸಾಲಿನ ಗುಂಟ ತಲೆ ಆಡಿಸುತ್ತ ಓದತೊಡಗಿದ.

"ರೋಗವನ್ನು ಅರಿಯುವ ಬಗೆ. ನೋಡಿ ತಿಳಿಯದ್ದನ್ನು ಮುಟ್ಟಿ ತಿಳಿಯಬೇಕು. ಮುಟ್ಟಿ ತಿಳಿಯದ್ದನ್ನು ರೋಗಿಯ ಬಾಯಿಂದಲೇ ಕೇಳಿ ತಿಳಿಯಬೇಕು. ಕೇಳದೆ..."

ಸುತ್ತ ಏನೋ ಬದಲಾಗಿತ್ತು. ಕೆಮ್ಮುತ್ತಿದ್ದವರು ಕೆಮ್ಮಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನೀಲವ್ವನ ಬಳೆ ಸದ್ದು ನಿಂತಿತು.

ಟಕ್, ಟಕ್. ಕಂತಯ್ಯನವರು ಎದ್ದು ಬಂದರು.

"ಏನನ್ನು ಓದುತ್ತಿದ್ದೀಯೋ?"

"ನೂರ ಹನ್ನೊಂದನೆಯ ಗರಿ."

"ಹುಳು ತಿಂದು ತೀರ ಹಾಳಾದ ಗರಿಗಳನ್ನು ಮಳೆಗಾಲದಲ್ಲಿ ನಾನೇ ತೆಗೆದೆ. ಅವುಗಳ ಜಾಗಕ್ಕೆ ಹೊಸವನ್ನು ಪೋಣಿಸಿದೆ. ಅಂಚಿಗೆ ಸಂಖ್ಯೆ ಹಾಕಿದ್ದೇನೆ, ಅಷ್ಟೇ." ಅವರ ದನಿ ತಗ್ಗಿತು. "ಆ ಗರಿಯಲ್ಲಿ ಇನ್ನೂ ಒಂದಕ್ಷರವನ್ನೂ ಬರೆದಿಲ್ಲ."

ಪದುಮನ ಕೈಯಿಂದ ಗರಿ ಜಾರಿತು. ನುಣುಪು. ಅಕ್ಷರ ಕೊರೆದ ಗರಿ ಅಷ್ಟು ನುಣುಪಾಗಿರುವುದಿಲ್ಲ. ಅದು ಅವನ ಬೆರಳಿಗೆ ಗೊತ್ತಿತ್ತು. ಭಯ ಬೆರಳಿನ ಮಾತು ಕೇಳಲಿಲ್ಲ.

"ಎಷ್ಟು ದಿನದಿಂದ?" ಎಂದರು ಗುರುಗಳು.

"ಎರಡು ವರ್ಷ."

"ಯಾಕೆ ಹೇಳಲಿಲ್ಲ?"

"ಬೀರ ದೋಣಿ ಹತ್ತಿದ್ದನ್ನು ನೋಡಿದ್ದೆ."

ಚಾಮ ಹಿಂದಿನಿಂದ ಪಿಸುಗುಟ್ಟಿದ: "ಅಯ್ಯೋ, ಹುಣಿಸೆಹಣ್ಣು ಅಂದೆನಲ್ಲೋ."

ಕಂತಯ್ಯ ಕೆಟ್ಟವರಲ್ಲ. ಅವರು ಗಂಟಲು ಸರಿಮಾಡಿಕೊಂಡರು. "ಗುರುಗಳೇ, ಹುಡುಗ ಮೋಸ ಮಾಡಿದ, ನಿಜ. ಆದರೆ ಇನ್ನೂರ ಎಂಟು ಗರಿಯೂ ಬಾಯಿಗೆ ಬರುತ್ತದೆಂದರೆ ಸಾಮಾನ್ಯವೇ? ಇಂಥ ನೆನಪು ನನಗಿಲ್ಲ. ಇದೊಂದು ಸಲ ಇಟ್ಟುಕೊಳ್ಳೋಣ."

ಪದುಮ ಕಿವಿಯೆಲ್ಲ ಅಲ್ಲಿಟ್ಟ.

"ಅವನ ನೆನಪು ನಿನ್ನ ನೆನಪಿನಂತೆ ಇದ್ದಿದ್ದರೆ?" ಎಂದರು ಗುರುಗಳು.

ಕಂತಯ್ಯನವರ ಹಾವುಗೆ ಒಂದು ಹೆಜ್ಜೆ ಹಿಂದೆ ಸರಿಯಿತು.

"ಹೇಳು ಕಂತಯ್ಯ. ಆಗ ಏನು ಮಾಡುತ್ತಿದ್ದೆವು?"

"ಬುತ್ತಿ ಕೊಡುತ್ತಿದ್ದೆವು."

"ಹೂಂ." ಗುರುಗಳು ಅಡುಗೆಮನೆಯ ಕಡೆ ತಿರುಗಿದರು. "ನೀಲವ್ವ, ಬುತ್ತಿ ಕಟ್ಟು."

"ಬುದ್ಧೀ, ಮಗು..." ಎಂದಳು ನೀಲವ್ವ.

"ಕಟ್ಟು."

ಪದುಮನಿಗೆ ಬಾಳೆಲೆ ಹರಿದ ಸದ್ದು ಕೇಳಿತು. ಮೊಸರಿನ ವಾಸನೆ ಬಂತು. ಬಟ್ಟೆಯ ಗಂಟು ಬಿಗಿದದ್ದೂ ಕೇಳಿತು. ಅವನು ಮನಸ್ಸಿನಲ್ಲೇ ಎಣಿಸಿದ. ಇಲ್ಲಿಂದ ಒರಳಿಗೆ ಮೂವತ್ತು. ಅಲ್ಲಿಂದ ನಲವತ್ತು. ಹದಿನೇಳು ಮೆಟ್ಟಿಲು. ಅದರಾಚೆಗೆ ಅವನು ಎಣಿಸಿರಲಿಲ್ಲ. ಊರಿನ ದಾರಿಯ ಒಂದು ಹೆಜ್ಜೆಯೂ ಅವನ ಲೆಕ್ಕದಲ್ಲಿರಲಿಲ್ಲ.

ನೀಲವ್ವ ಹತ್ತಿರ ಬಂದಳು. ಪದುಮ ಎದ್ದು ಎರಡೂ ಕೈ ಚಾಚಿದ.

ಕೈಗಳು ಬರಿದಾಗಿಯೇ ಉಳಿದವು.

ಬುತ್ತಿಯನ್ನು ಗುರುಗಳು ತೆಗೆದುಕೊಂಡಿದ್ದರು.

"ಆ ದಿನ ಆಕಾಶದಲ್ಲಿ ಹದ್ದು ಇರಲಿಲ್ಲ, ಪದುಮ. ನಾನು ನೋಡಿದೆ. ನಿನ್ನ ಮೊಣಕಾಲನ್ನೂ ನೋಡಿದೆ. ಕೇಳಬೇಕಿತ್ತು, ಕೇಳಲಿಲ್ಲ. ಆ ಗರಿಯ ಮುಂದಿನ ಮಾತು ಏನು?"

"ಕೇಳದೆ ಮದ್ದು ಅರೆಯುವವನು ವೈದ್ಯನಲ್ಲ," ಎಂದ ಪದುಮ.

"ಇದನ್ನು ನಲವತ್ತು ವರ್ಷ ಪಾಠ ಹೇಳಿದೆ. ಈಗ ಕೇಳುತ್ತೇನೆ. ನಿನಗೆ ಏನು ಬೇಕು?"

ಪದುಮ ಹೆದರಿದ. ಕಂಟಕ್ಕೂ ಬುತ್ತಿಗೂ ಅವನು ಎರಡು ವರ್ಷ ತಯಾರಾಗಿದ್ದ. ಈ ಪ್ರಶ್ನೆಗೆ ತಯಾರಾಗಿರಲಿಲ್ಲ. ಹೆಚ್ಚು ಕೇಳಿದರೆ ಸಿಟ್ಟಾದಾರು. ಕಡಿಮೆ ಕೇಳಿದರೆ ನಾಳೆ ಮತ್ತೆ ಬೀಳಬೇಕು.

"ಒರಳು..." ಎಂದ. "ಒರಳು ಇದ್ದಲ್ಲೇ ಇರಲಿ."

"ಇನ್ನು?"

"ಮುರಿದ ಮೆಟ್ಟಿಲು ಸರಿಯಾಗಲಿ. ಮೆಟ್ಟಿಲುಗಳ ಅಂಚಿಗೆ ಸುಣ್ಣ ಬಳಿದರೆ ನನಗೆ ಕಾಣುತ್ತದೆ."

"ಇನ್ನು?"

"ಗರಿಯನ್ನು ಯಾರಾದರೂ ಓದಲಿ. ಅರ್ಥ ನಾನು ಹೇಳುತ್ತೇನೆ."

"ನಾನು ಓದುತ್ತೇನೆ," ಎಂದ ಚಾಮ. "ಬೇರನ್ನೂ ನಾನೇ ಕುಟ್ಟಿಕೊಳ್ಳುತ್ತೇನೆ, ಮಾರಾಯ."

ಯಾರೋ ಕಿಸಕ್ಕೆಂದರು. ಪದುಮ ನಗಲಿಲ್ಲ. ಬುತ್ತಿ ಇನ್ನೂ ಗುರುಗಳ ಕೈಯಲ್ಲಿತ್ತು.

"ಕಂತಯ್ಯ, ನಾಳೆ ಇವನ ಪರೀಕ್ಷೆ ಹೀಗೆಯೇ ನಡೆಯಲಿ. ನೀನು ನಡೆಸು," ಎಂದು ಗುರುಗಳು ಅಂಗಳಕ್ಕೆ ಇಳಿದರು.

"ತಾವು?"

"ಸೋತವನು ಬುತ್ತಿ ಹಿಡಿದು ಹೊಳೆ ದಾಟಬೇಕು. ಅದು ನಾನೇ ಮಾಡಿದ ನಿಯಮ."

ಎಲ್ಲರೂ ಅವರ ಹಿಂದೆ ಮೆಟ್ಟಿಲಿನವರೆಗೆ ಹೋದರು. ಗುರುಗಳು ಪದುಮನ ಹೆಗಲ ಮೇಲೆ ಕೈಯಿಟ್ಟು ಇಳಿದರು. ಆರನೆಯ ಮೆಟ್ಟಿಲು ಬಂದಾಗ ಪದುಮ "ಇಲ್ಲಿ ಮುರಿದಿದೆ" ಎಂದ. ಹೆಗಲ ಮೇಲಿನ ಕೈ ನಡುಗುತ್ತಿತ್ತು. ಗುರುಗಳೂ ಹೆದರುತ್ತಾರೆಂದು ಅವನಿಗೆ ಅಂದು ತಿಳಿಯಿತು.

"ಎಲ್ಲಿಗೆ, ಗುರುಗಳೇ?"

"ಬೀರನ ಊರಿಗೆ."

"ಅವನು ಬರುತ್ತಾನೆಯೇ?"

"ಗೊತ್ತಿಲ್ಲ. ಬೈದು ಬಾಗಿಲು ಹಾಕಿಕೊಳ್ಳಬಹುದು."

ಗುರುಗಳು ದೋಣಿ ಹತ್ತಿದರು, ಅಂಬಿಗ ಹುಟ್ಟು ಎತ್ತಿಕೊಂಡ. ಕಂತಯ್ಯನವರಿಗೆ ತಡೆಯಲಾಗಲಿಲ್ಲ. ಹಾವುಗೆ ಟಕಟಕ ಎನಿಸುತ್ತ ನೀರಿನ ಅಂಚಿಗೆ ಬಂದರು.

"ಈ ವಯಸ್ಸಿನಲ್ಲಿ ತಾವೇ ಯಾಕೆ ಹೋಗಬೇಕು? ಅಂಬಿಗನ ಕೈಲಿ ಹೇಳಿಕಳಿಸಿದರೆ ಸಾಲದೆ?"

ಗುರುಗಳು ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಅಂದು ಬೀರನನ್ನು ಮೂರು ಸಲ ಕೇಳಿದೆ, ದನಿ ಏರಿಸಿದೆ, ಕಂತಯ್ಯ. ಒಂದು ಸಲವೂ ಕೂತಲ್ಲಿಂದ ಎದ್ದು ಅವನ ಬಳಿಗೆ ಹೋಗಲಿಲ್ಲ."