ಕೌದಿ ಅಜ್ಜಿಯ ಉತ್ತರ

"ಗುರುಗಳೇ, ಮೂರು ತಿಂಗಳು ಒಂದು ಊರಿನಲ್ಲಿದ್ದು ಮಕ್ಕಳಿಗೆ ಪಾಠ ಹೇಳಿ ಬಂದೆ. ಅಲ್ಲಿಯ ಜನ ನಿಜ ಹೇಳುವವರೋ ಸುಳ್ಳು ಹೇಳುವವರೋ, ಕೊನೆಗೂ ಗೊತ್ತಾಗಲಿಲ್ಲ. ತಿಳಿಯುವುದು ಹೇಗೆ?"

ಶಿಷ್ಯ ಬಸ್ಸಿಳಿದು ನೇರವಾಗಿ ಮಠಕ್ಕೆ ಬಂದಿದ್ದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಮಠದಲ್ಲಿ ಅಂದು ಗುರುಗಳು ಒಬ್ಬರೇ. ಭಕ್ತರ ಮನೆಯಿಂದ ಅವರೊಬ್ಬರಿಗೆಂದು ಬಂದ ಬುತ್ತಿ ಇನ್ನೂ ಬಿಚ್ಚದೆ ಪಕ್ಕದಲ್ಲಿತ್ತು.

ಮೂರೇ ತಿಂಗಳಿಗೆ ನಿನಗೆ ಗೊತ್ತಾಗಿಬಿಟ್ಟಿದ್ದರೆ, ಎಪ್ಪತ್ತು ವರ್ಷ ಇಲ್ಲೇ ಇದ್ದ ನಾನು ಶುದ್ಧ ದಡ್ಡನಾಗುತ್ತಿದ್ದೆ, ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ದೂರ ದೇಶದ ಒಬ್ಬ ವಿದ್ಯಾರ್ಥಿ ನಮ್ಮ ಕಡೆಯ ಹಳ್ಳಿಯೊಂದಕ್ಕೆ ಸೇವೆಗೆಂದು ಬಂದ. ಕಂಡದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಶಾಲೆಯ ದಾರಿಯಲ್ಲಿ ಎದುರಾದವರೆಲ್ಲ ಅವನಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: ಊಟ ಆಯಿತೇ? ಕ್ಷೌರಿಕ ಕೇಳಿದ, ಬಳೆಗಾರ ಕೇಳಿದ, ಹೊತ್ತಲ್ಲದ ಹೊತ್ತಿನಲ್ಲಿ ಕಂಡಕ್ಟರನೂ ಕೇಳಿದ. ಇವರೆಲ್ಲ ತನ್ನನ್ನು ಊಟಕ್ಕೆ ಕರೆಯುತ್ತಿದ್ದಾರೆಯೇ, ತಾನು ಉಪವಾಸವಿದ್ದಂತೆ ಕಾಣುತ್ತೇನೆಯೇ ಎಂದು ಅವನು ಗೊಂದಲಕ್ಕೆ ಬಿದ್ದ.

ಹೆಡ್‌ಮಾಸ್ತರರನ್ನು ಕೇಳಿದ. ಅದು ಮಾತನಾಡಿಸುವ ರೀತಿ, ಆಗಿರಲಿ ಬಿಡಲಿ, ಆಯಿತು ಎಂದು ಹೇಳಿ ಮುಂದೆ ಹೋಗಿ ಎಂದರು ಅವರು. ವಿದ್ಯಾರ್ಥಿಯ ಗೊಂದಲ ಇನ್ನಷ್ಟು ಹೆಚ್ಚಿತು. ಕೇಳಿದವರಿಗೆ ಸುಳ್ಳು ಹೇಳುವುದು ಯಾವ ಮರ್ಯಾದೆ? ತಾನಂತೂ ನಿಜವನ್ನೇ ಹೇಳುತ್ತೇನೆ ಎಂದು ಹಟ ತೊಟ್ಟ.

ಒಂದು ಮಧ್ಯಾಹ್ನ ಅವನಿಗೆ ಊಟ ತಪ್ಪಿತ್ತು. ದಾರಿಯಲ್ಲಿ ಒಬ್ಬ ಅಜ್ಜಿ ಬಾಗಿಲಲ್ಲಿ ಕುಳಿತು ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದಳು. "ಊಟ ಆತೇನ್ ತಮ್ಮಾ?" ಎಂದಳು.

"ಇಲ್ಲ ಅಜ್ಜಿ, ಆಗಿಲ್ಲ."

ಅಜ್ಜಿಯ ಸೂಜಿ ನಿಂತಿತು. ಒಂದು ಗಳಿಗೆ ಅವನ ಮುಖ ನೋಡಿದಳು. ಎದ್ದು ಅವನನ್ನು ಒಳಗೆ ಕರೆದು, ಕೈಗೆ ನೀರು ಕೊಟ್ಟು, ಎರಡು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ಅವನು ಹೊಟ್ಟೆ ತುಂಬ ಉಂಡ. ನಿಜ ಹೇಳಿದ್ದಕ್ಕೆ ಫಲ ಸಿಕ್ಕಿತು ಎಂದು ಅವನಿಗೆ ಬಹಳ ಖುಷಿಯಾಯಿತು.

ತಟ್ಟೆ ಇಡಲು ಅಡುಗೆಮನೆಗೆ ಹೋದ. ರೊಟ್ಟಿ ಬುಟ್ಟಿಯಲ್ಲಿ ಬರೀ ಬಟ್ಟೆಯಿತ್ತು. ಒಲೆ ಆರಿತ್ತು. ಹಿಟ್ಟಿನ ಡಬ್ಬಿ ಬೋರಲು ಬಿದ್ದಿತ್ತು. ಅವನು ಹೊರಗೆ ಬಂದು, ತಾನು ಕಲಿತಿದ್ದ ಅಷ್ಟಿಷ್ಟು ಕನ್ನಡದಲ್ಲಿ ಅವಳದು ಊಟ ಆಯಿತೇ ಎಂದು ಕೇಳಿದ.

ಅಜ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ. "ನಂದು ಆಗಲೇ ಆಗೇತಪ್ಪಾ," ಎಂದಳು.

ಅವನು ರೂಮಿಗೆ ಹೋಗಿ ಪುಸ್ತಕ ತೆರೆದ. ನಿಜ ಹೇಳಿದವನು ಇನ್ನೊಬ್ಬರ ಊಟ ಉಂಡಿದ್ದ. ಉಣ್ಣಿಸಿದವಳು ಸುಳ್ಳು ಹೇಳಿದ್ದಳು. ಅವನಿಗೆ ನಾಚಿಕೆಯಾಯಿತು, ಏನು ಬರೆಯಬೇಕೆಂದು ಮಾತ್ರ ತಿಳಿಯಲಿಲ್ಲ. ಆ ದಿನದ ಹಾಳೆ ಖಾಲಿಯೇ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ನಿಜ ಹೇಳಿದವರು ಯಾರು, ಅದನ್ನಾದರೂ ಬಿಡಿಸಿ ಹೇಳಿ ಎಂದು ಪಟ್ಟು ಹಿಡಿದ.

ಗುರುಗಳು ಹೊರಗಿನ ಬಿಸಿಲು ನೋಡಿ ಕೇಳಿದರು:

"ಅದಿರಲಿ, ನಿನ್ನ ಊಟ ಆಯಿತೇ?"

ಶಿಷ್ಯ ಬುತ್ತಿಯ ಕಡೆ ನೋಡಿದ. ಅದು ಒಬ್ಬರಿಗಾಗುವಷ್ಟೇ ಇತ್ತು.