ಬಂದೆ ಎಂದ ನೇಕಾರ

“ದೇವರು ನನ್ನನ್ನ ಕರಿಯಾಕತ್ತಾನೋ ಇಲ್ಲೋ ಅನ್ನೂದು ನನಗ ಹ್ಯಾಂಗ ಗೊತ್ತಾಗಬೇಕ್ರಿ, ಅಯ್ಯನವರ?”

ಕೇಳಿದವನು ಜೀವರತ್ನ. ಉಪದೇಶಿಯಾಗಬೇಕೆಂದು ಸಭೆಯ ಪಾದ್ರಿಗಳಾದ ಅಯ್ಯನವರ ಹತ್ತಿರ ಕಲಿಯಲು ಬಂದವನು, ಕಲಿತು ಮುಗಿದ ಮೇಲೂ ಅಲ್ಲಿಯೇ ಉಳಿದಿದ್ದ. ಅಯ್ಯನವರು ದೇವಾಲಯದ ಜಗಲಿಯ ಮೇಲೆ ಕುಳಿತು ಕನ್ನಡಕ ಒರೆಸುತ್ತಿದ್ದರು. ಪ್ರಶ್ನೆ ಕೇಳಿ ಕೈ ನಿಲ್ಲಿಸಿದರು. ಇದು ಹೊಸ ಪ್ರಶ್ನೆಯಲ್ಲ. ಬೇಸಿಗೆಯಲ್ಲಿ ಕೇಳಿದ್ದ, ಮಳೆಗಾಲದಲ್ಲಿ ಕೇಳಿದ್ದ, ಸುಗ್ಗಿ ಹಬ್ಬದ ಆರಾಧನೆ ಮುಗಿಸಿ ಹೊರಗೆ ಬರುವಾಗ ಚಪ್ಪಲಿ ಮೆಟ್ಟುತ್ತಲೂ ಕೇಳಿದ್ದ. ಅದೇ ರಾಗ, ಅದೇ ಹಾಡು. ಅಯ್ಯನವರು ಮೊದಮೊದಲು ಸಮಾಧಾನದಿಂದ ಉತ್ತರ ಹೇಳಿದ್ದರು. ಈಗ ಅವರಿಗೆ ತಲೆ ಚಿಟ್ಟು ಹಿಡಿದಿತ್ತು.

ಅದಕ್ಕೆ ಕಾರಣವಿತ್ತು. ಹಿಂದಿನ ಪುನರುತ್ಥಾನ ಹಬ್ಬದ ಕೂಟದಲ್ಲಿ ಗುಡ್ಡದಾಚೆಯ ಊರಿನ ಸಭೆಯ ಹಿರಿಯ ಎದ್ದು ನಿಂತು, ನಮ್ಮ ಮಕ್ಕಳಿಗೆ ಕಲಿಸುವವರಿಲ್ಲ, ಕಾಯಿಲೆಯವರ ಪಕ್ಕ ಕೂತು ಪ್ರಾರ್ಥಿಸುವವರಿಲ್ಲ, ಸತ್ತವರನ್ನು ಮಣ್ಣು ಮಾಡುವಾಗ ನಾಲ್ಕು ಮಾತು ಹೇಳುವವರಿಲ್ಲ, ಯಾರಾದರೂ ಬರುತ್ತೀರಾ ಎಂದು ಕೇಳಿದ್ದ. ಬೇರೆಯವರು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಜೀವರತ್ನ ಕೈಯೆತ್ತಿ “ನಾನು ಬಂದೆ” ಎಂದಿದ್ದ. ಕೂಟದಲ್ಲಿ ಅತ್ತವರೂ ಇದ್ದರು. ಆಮೇಲೆ ಅವನು ಕರೆ ಖಾತ್ರಿಯಾಗಲಿ ಎಂದು ಕಾಯತೊಡಗಿದ. ಮೊದಲು ಮನಸ್ಸಿಗೆ ಸಮಾಧಾನ ಬರಲಿ ಎಂದ. ಬಂತು. ಆ ಸಮಾಧಾನ ದೇವರದೋ ತನ್ನದೋ ಎಂದು ಅನುಮಾನ ಹುಟ್ಟಿತು. ಕನಸಿನಲ್ಲಿ ಗುರುತು ಸಿಗಲಿ ಎಂದ. ಕನಸೂ ಬಿತ್ತು, ಅದರ ಅರ್ಥ ಹೊಳೆಯಲಿಲ್ಲ.

ಅಂದು ಬೆಳಿಗ್ಗೆ ಆ ಹಿರಿಯ ಮತ್ತೆ ಬಂದು ಹೋಗಿದ್ದ. ಉಪದೇಶಿಗಾಗಿ ಒಂದು ಕೋಣೆಗೆ ಸುಣ್ಣ ಹೊಡೆದು ಇಟ್ಟಿದ್ದೇವೆ ಎಂದ. ಬೇರೊಬ್ಬ ಉಪದೇಶಿ ತಾನಾಗಿ ಬರುತ್ತೇನೆಂದಿದ್ದರಂತೆ, ನಮಗೆ ಆಗಲೇ ಒಬ್ಬರು ಬಂದೆ ಅಂದಿದ್ದಾರೆ ಎಂದು ಊರಿನವರು ಅವರಿಗೆ ಕೈಮುಗಿದು ಕಳಿಸಿದರಂತೆ. ಅದನ್ನು ಕೇಳಿ ಜೀವರತ್ನನಿಗೆ ಕಣ್ಣು ತುಂಬಿ ಬಂದಿತ್ತು. ಹಿರಿಯ ಗುಡ್ಡದ ದಾರಿ ಹಿಡಿದು ಹೋದ ಮೇಲೆ ಕಣ್ಣೊರೆಸಿಕೊಂಡು ಬಂದು ಕೇಳಿದ ಪ್ರಶ್ನೆ ಇದು.

“ಕೂಡು,” ಎಂದರು ಅಯ್ಯನವರು. “ಕತಿ ಹೇಳ್ತೀನಿ. ನಡುವ ಬಾಯಿ ಹಾಕಬ್ಯಾಡ.”

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಮೃದು. ಯಾರು ಕರೆದರೂ ಮೊದಲ ಕೂಗಿಗೇ ಓಗೊಡುತ್ತಿದ್ದ. ಹೆಂಡತಿ ಊಟಕ್ಕೆ ಕರೆದರೆ ಬಂದೆ, ನೆರೆಯವರು ಬಾಗಿಲಲ್ಲಿ ನಿಂತು ಕರೆದರೆ ಬಂದೆ. ನಮ್ಮ ಭಾಷೆಯ ಸೌಕರ್ಯ ನೋಡಿ, ಕೂತಲ್ಲಿಂದ ಅಲುಗದವನೂ ಬಂದು ಮುಗಿಸಿದವನ ಹಾಗೆ ಬಂದೆ ಎನ್ನಬಹುದು. ಅವನದು ಕುಣಿಮಗ್ಗ. ಕಾಲು ನೆಲದೊಳಗಿನ ಕುಣಿಯಲ್ಲಿ, ಕೈ ಲಾಳಿಯ ಮೇಲೆ. ಏಳಬೇಕಾದರೆ ಲಾಳಿ ಇಡಬೇಕು, ಕಾಲು ಮೇಲೆ ತೆಗೆಯಬೇಕು, ಕೈಗೆ ಹತ್ತಿದ ಲಯ ಬಿಡಬೇಕು. ಬಂದೆ ಎನ್ನುವುದಕ್ಕೆ ಇದಾವುದೂ ಬೇಕಿಲ್ಲ, ಬಾಯೊಂದಿದ್ದರೆ ಸಾಕು. ಹಾಗೆಂದು ಅವನು ಮೋಸಗಾರನಲ್ಲ. ಪ್ರತಿ ಸಲವೂ ಏಳಬೇಕೆಂದೇ ಹೇಳುತ್ತಿದ್ದ. ಕರೆದರೂ ಕೇಳದವರಂತೆ ಕೂರುವ ಜಾಣಕಿವುಡರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಅವನ ಮಗಳಿಗೆ ಮದುವೆ ನಿಶ್ಚಯವಾಯಿತು. ಅಷ್ಟು ವರ್ಷ ಕಂಡವರ ಮನೆ ಮದುವೆಗೆ ಸೀರೆ ನೇಯ್ದವನು, ಈಗ ತನ್ನ ಮಗಳು ಉಡುವ ಸೀರೆ ನೇಯಬೇಕು. ಹೆಂಡತಿ ನೂಲನ್ನು ತಾನೇ ಆರಿಸಿದಳು, ತಾನೇ ಬಣ್ಣ ಹಾಕಿದಳು. ಒಂದು ದಿನ ಬೆಳಿಗ್ಗೆ ಇಬ್ಬರೂ ಸೇರಿ ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನೆಲ್ಲ, ಓಣಿಯಲ್ಲಿ ಎರಡು ಗೂಟಗಳ ನಡುವೆ ಎಳೆದು ಕಟ್ಟಿದರು. ಅವಳು ಗಂಜಿ ಹಚ್ಚತೊಡಗಿದಳು. ಅವನು ಒಳಗೆ ಹೋಗಿ ಮಗ್ಗದ ಮೇಲಿದ್ದ ಬೇರೆಯವರ ಸೀರೆ ಮುಗಿಸಲು ಕುಳಿತ. ಅದು ಇಳಿದರೆ ತಾನೆ ಮಗಳದು ಏರುವುದು.

ಮಧ್ಯಾಹ್ನ ಮೋಡ ಕಟ್ಟಿತು. ಗಂಜಿ ಹಸಿಯಾಗಿರುವಾಗ ಮಳೆ ಬಿದ್ದರೆ ಎಳೆಗೆ ಎಳೆ ಅಂಟಿ ಹಾಸು ಕೆಲಸಕ್ಕೆ ಬಾರದೆ ಹೋಗುತ್ತದೆ. ಅದನ್ನು ಎತ್ತಿ ಒಳಗೆ ಒಯ್ಯಲು ಇಬ್ಬರು ಬೇಕು, ತುದಿಗೊಬ್ಬರಂತೆ. ಹೆಂಡತಿ ಕೂಗಿದಳು. ಮಳೆ ಬರುತ್ತಿದೆ, ಆ ತುದಿ ಹಿಡಿಯಲು ಬನ್ನಿ ಎಂದಳು.

ಬಂದೆ ಎಂದ ನೇಕಾರ.

ಆ ಮಾತು ನಂಬಿ ಅವಳು ತನ್ನ ತುದಿಯನ್ನು ಗೂಟದಿಂದ ಬಿಚ್ಚಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಬಿಟ್ಟರೆ ಹಾಸು ಮಣ್ಣಿಗೆ ಬೀಳುತ್ತದೆ. ಮತ್ತೆ ಗೂಟಕ್ಕೆ ಬಿಗಿಯೋಣವೆಂದರೆ ಒಬ್ಬಳ ಕೈ ಸಾಲದು. ಅವಳು ನಿಂತಲ್ಲೇ ನಿಂತು ಬಾಗಿಲು ನೋಡಿದಳು.

ಒಳಗೆ ನೇಕಾರ ಸೆರಗಿನಲ್ಲಿ ಒಂದು ಹೂವು ತೆಗೆಯುತ್ತಿದ್ದ. ಅರ್ಧಕ್ಕೆ ಬಿಟ್ಟರೆ ಎಳೆ ತಪ್ಪುತ್ತದೆ, ಹೂವೊಂದು ಮುಗಿಯಲಿ ಎಂದುಕೊಂಡ. ಮುಗಿಯಿತು. ಎಲೆಯಿಲ್ಲದ ಹೂವು ಬೋಳುಬೋಳಾಗಿ ಕಂಡಿತು. ಎಲೆಗೆ ಕೈ ಹಾಕಿದ. ಹೆಂಡತಿ ಮತ್ತೆ ಕೂಗಿದಳು. ಅವನಿಗೆ ತುಸು ಸಿಟ್ಟೇ ಬಂತು. ಒಮ್ಮೆ ಬಂದೆ ಎಂದ ಮೇಲೆ ಮತ್ತೇಕೆ ಕೂಗಬೇಕು? ಬಂದೆ ಅಂದೆನಲ್ಲ ಎಂದು ಒಳಗಿನಿಂದಲೇ ಗದರಿದ.

ಅಷ್ಟರಲ್ಲಿ ಓಣಿಯಲ್ಲಿ ಒಬ್ಬ ಕುಂಬಾರ ಬಂದ. ಅವನ ಹಸಿ ಗಡಿಗೆಗಳೂ ಅಂಗಳದಲ್ಲಿದ್ದವು, ಅವನೂ ಓಡುತ್ತಿದ್ದ. ಆದರೂ ನಿಂತ.

“ನಾ ಹಿಡೀಲೇನಬೇ, ಯಕ್ಕಾ?”

“ಬ್ಯಾಡೋ ಯಣ್ಣಾ, ನಿನ್ನ ಗಡಿಗಿ ತೊಯ್ತಾವು, ನೀ ಓಡು. ನಮ್ಮವರು ಬಂದೆ ಅಂದಾರ.”

ಕುಂಬಾರ ಹೋದ. ಅವನು ಓಣಿ ತಿರುಗುವುದಕ್ಕೂ ಮಳೆ ಬೀಳುವುದಕ್ಕೂ ಸರಿಹೋಯಿತು. ಗಂಜಿ ಕರಗಿತು, ಬಣ್ಣ ಬಿಟ್ಟುಕೊಂಡಿತು, ಎಳೆಗಳು ಒಂದಕ್ಕೊಂದು ಅಂಟಿದವು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಆ ಮನೆ ಕೆಡಲು ಕೆಟ್ಟ ಮಾತೇನೂ ಬೇಕಾಗಲಿಲ್ಲ, ಒಳ್ಳೆಯ ಮಾತೇ ಸಾಕಾಯಿತು.

ನೇಕಾರ ಎಲೆ ಮುಗಿಸಿ, ಲಾಳಿ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದ. ಹೆಂಡತಿ ಮಳೆಯಲ್ಲಿ ತನ್ನ ತುದಿ ಹಿಡಿದು ಹಾಗೆಯೇ ನಿಂತಿದ್ದಳು. ಅವಳ ಕೈಗೆಲ್ಲ ಬಣ್ಣ ಹತ್ತಿತ್ತು. ಮಗಳ ಸೀರೆ ಹೋಯಿತೆಂದು ನೋಡಿದೊಡನೆ ಅವನಿಗೆ ತಿಳಿಯಿತು. ಆದರೆ ಬಾಯಿಂದ ಬಂದ ಮಾತೇ ಬೇರೆ.

“ಓಣಿ ತುಂಬ ಮಂದಿ ಅದಾರ. ಯಾರನ್ನರ ಕರೀಬಾರದಿತ್ತೇನು?”

“ಕರೀತಿದ್ದೆ,” ಎಂದಳು ಹೆಂಡತಿ. “ನೀವು ಸುಮ್ಮನ ಇದ್ದಿದ್ರ.”

ಅಯ್ಯನವರು ಕತೆ ಅಲ್ಲಿಗೆ ಬಿಟ್ಟರು. ಕನ್ನಡಕ ಏರಿಸಿಕೊಂಡು ಜೀವರತ್ನನ ಮುಖ ನೋಡಿದರು. ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ಈ ಹುಡುಗ ಕೆಟ್ಟವನಲ್ಲ, ಅದು ಅಯ್ಯನವರಿಗೂ ಗೊತ್ತು. ಅವನ ಪ್ರಾರ್ಥನೆ ನಿಜವಾದದ್ದು, ಕಣ್ಣೀರೂ ನಿಜವಾದದ್ದು. ಅದಕ್ಕೇ ಅವರಿಗೆ ಇಷ್ಟು ಸಿಟ್ಟು. ಈಗಲಾದರೂ ತಾಗಿತೇನೋ ಎಂದು ಆಸೆಯಿಂದ ಕಾದರು.

“ಒಂದು ಸಂಶಯ ಐತ್ರಿ, ಅಯ್ಯನವರ,” ಎಂದ ಜೀವರತ್ನ. “ಮಗ್ಗದ ಸಪ್ಪಳದಾಗ ಆ ನೇಕಾರಗ ಹೇಣ್ತಿ ದನಿ ಸ್ಪಷ್ಟ ಕೇಳಿಸಿತ್ತೋ ಇಲ್ಲೋ? ಅದು ಆಕಿ ದನೀನ ಅಂತ ಅವಗ ಖಾತ್ರಿ ಇತ್ತೇನ್ರಿ?”

ಈ ಕತೆಯನ್ನು ದೇವಾಲಯದ ಗೋಡೆಗೆ ಹೇಳಿದ್ದರೆ ಗೋಡೆಗಾದರೂ ತಿಳಿಯುತ್ತಿತ್ತು ಅನ್ನಿಸಿತು ಅಯ್ಯನವರಿಗೆ. ಅವರು ಎದ್ದರು. ಮೂಲೆಯಲ್ಲಿದ್ದ ತಮ್ಮ ಕೊಡೆಯನ್ನು ತಂದು ಅವನ ಕೈಗೆ ಕೊಟ್ಟು, ಹಿರಿಯ ಹೋದ ಗುಡ್ಡದ ದಾರಿಯನ್ನು ತೋರಿಸಿದರು.

“ಅಲ್ಲಿ ಇರಾಕ ಹೋಗೂದಿಲ್ಲಂದ್ರ ಬ್ಯಾಡ, ಜೀವರತ್ನಾ, ಗುಡ್ಡ ಹತ್ತಿ ಹೋಗಿ ನಿನ್ನ ಆ ‘ಬಂದೆ’ ಅಷ್ಟು ವಾಪಸ್ ಇಸಗೊಂಡ್ ಬಾ, ಅವರು ಇನ್ನೊಬ್ಬರನ್ನ ಕರೀಲಿ.”